ಎರಡು ಪಾಯಿಂಟುಗಳ ನಡುವಿನ ಸಂಕಟ: ಹುಬ್ಬಳ್ಳಿ–ಧಾರವಾಡದ ಟೆನಿಸ್ ಪ್ರೇಕ್ಷಕ ಮತ್ತು ರಸವಿಘ್ನದ ಪ್ರಶ್ನೆ

ಟೆನಿಸ್ ಪಂದ್ಯದ ಹೆಚ್ಚಿನ ಹೊತ್ತು ಚೆಂಡು ಆಟದಲ್ಲಿ ಇರುವುದೇ ಇಲ್ಲ. ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್ ಆಗುವತನಕ 25 ಸೆಕೆಂಡು, ಬದಿ ಬದಲಿಸುವಾಗ 90 ಸೆಕೆಂಡು, ಸೆಟ್ ಮುಗಿದಾಗ 2 ನಿಮಿಷ. ಇವನ್ನೆಲ್ಲ ಕಳೆದರೆ ನಾಲ್ಕು ತಾಸಿನ ಪಂದ್ಯದಲ್ಲಿ ಚೆಂಡು ನಿಜವಾಗಿ ಓಡಾಡಿದ ಸಮಯ ಒಂದು ತಾಸನ್ನೂ ಮುಟ್ಟುವುದು ಕಷ್ಟ. ಆಟಗಾರನಿಗೆ ಈ ಬಿಡುವು ಉಸಿರು ಎಳೆದುಕೊಳ್ಳಲು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳಲು ಒದಗುತ್ತದೆ. ನೋಡುವವನು ಓಡಿಲ್ಲ, ದಣಿದಿಲ್ಲ. ಆ ಬಿಡುವಿನಲ್ಲಿ ಕೈಗೆ ಕೆಲಸವಿಲ್ಲದೆ ಅವನ ಮನಸ್ಸು ಕೆಲಸಕ್ಕೆ ಇಳಿಯುತ್ತದೆ. ಕಟ್ಟಾ ಅಭಿಮಾನಿ ಪಡುವ ಸಂಕಟದ ನೆಲೆ ಈ ಬಿಡುವುಗಳಲ್ಲೇ ಇದೆ ಎಂಬುದು ಈ ಲೇಖನದ ವಾದ. ಆ ಸಂಕಟ ಯಾಕೆ ರಸವಾಗಿ ಮಾಗುವುದಿಲ್ಲ, ಹುಬ್ಬಳ್ಳಿ–ಧಾರವಾಡದಂಥ ಊರಿನಲ್ಲಿ ಅದು ಯಾಕೆ ಇನ್ನಷ್ಟು ಹೆಪ್ಪುಗಟ್ಟುತ್ತದೆ ಎಂಬುದನ್ನು ವಿವರಿಸಲು ಇಂದಿನ ಕ್ರೀಡಾ ಮನೋವಿಜ್ಞಾನಕ್ಕಿಂತ ಕಾವ್ಯಮೀಮಾಂಸಕ ಅಭಿನವಗುಪ್ತನ ರಸವಿಘ್ನ (ರಸಾನುಭವಕ್ಕೆ ಒದಗುವ ಅಡ್ಡಿಗಳ) ವಿಚಾರ ಹೆಚ್ಚು ಉಪಯುಕ್ತ ಎಂಬ ನಿಲುವನ್ನೂ ಇಲ್ಲಿ ಮಂಡಿಸಿದ್ದೇನೆ.

ಮೊದಲು ಮನೋವಿಜ್ಞಾನ ಕೊಟ್ಟದ್ದನ್ನು ನೋಡೋಣ. 2006ರ ವಿಶ್ವಕಪ್ ಫುಟ್‌ಬಾಲ್ ವೇಳೆ ಮ್ಯೂನಿಕ್ ಭಾಗದಲ್ಲಿ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜರ್ಮನಿ ಆಡಿದ ದಿನಗಳಲ್ಲಿ ಹೃದಯ ಸಂಬಂಧಿ ತುರ್ತು ಪ್ರಕರಣಗಳು ಉಳಿದ ದಿನಗಳಿಗಿಂತ 2.66 ಪಟ್ಟು ಹೆಚ್ಚಿದ್ದವು. 2017ರಲ್ಲಿ ಮಾಂಟ್ರಿಯಲ್‌ನ ಐಸ್ ಹಾಕಿ ಅಭಿಮಾನಿಗಳ ನಾಡಿ ಅಳೆದವರು, ಟಿವಿ ಮುಂದೆ ಕುಳಿತವರ ಹೃದಯಬಡಿತ ಸರಾಸರಿ ಶೇ 75ರಷ್ಟು, ಕ್ರೀಡಾಂಗಣದಲ್ಲಿದ್ದವರದು ಶೇ 110ರಷ್ಟು ಏರಿದ್ದನ್ನು ಕಂಡರು. ಇದಕ್ಕೂ ಬಹಳ ಮೊದಲು, 1976ರಲ್ಲಿ, ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದ ನಂತರದ ಸೋಮವಾರ ಅದರ ಹೆಸರಿನ ಅಂಗಿಗಳನ್ನು ಹೆಚ್ಚಾಗಿ ತೊಡುತ್ತಾರೆಂದು ತೋರಿಸಿದ್ದರು. ಗೆಲುವಿನ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು, ಸೋಲಿನಿಂದ ದೂರ ಸರಿಯುವುದು ಅಭಿಮಾನಿಯ ಆತ್ಮರಕ್ಷಣೆಯ ಉಪಾಯ ಎಂಬುದು ಅವರಿಂದ ಬೆಳೆದ ವಿಚಾರಧಾರೆಯ ಸಾರ.

ಇವೆಲ್ಲವೂ ತಂಡದ ಆಟಗಳನ್ನು ಕುರಿತವು ಎಂಬುದನ್ನು ಮರೆಯಬಾರದು. ತಂಡಕ್ಕೆ ಊರು ಇರುತ್ತದೆ, ಬಣ್ಣ ಇರುತ್ತದೆ, ಮುಂದಿನ ವರ್ಷ ಇರುತ್ತದೆ. ಬೆಂಗಳೂರಿನ ಐಪಿಎಲ್ ತಂಡದ ಅಭಿಮಾನಿಗಳು ಹದಿನೇಳು ಋತುಗಳ ಕಾಲ ಸೋಲನ್ನು ಹಂಚಿಕೊಂಡೇ ಉಂಡರು. ಸೋಲು ಒಂದು ಸಾಮೂಹಿಕ ಹಾಸ್ಯವೂ ಆಗಿಹೋಗಿತ್ತು. (ಹಂಚಿಕೊಳ್ಳುವುದೆಲ್ಲ ಒಳ್ಳೆಯದೇ ಎಂದೂ ಅಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆ ತಂಡದ ಗೆಲುವಿನ ಸಂಭ್ರಮದ ನೂಕುನುಗ್ಗಲಿನಲ್ಲಿ 11 ಜನ ಸತ್ತರು.) ಟೆನಿಸ್ ಅಭಿಮಾನಿ ಕಟ್ಟಿಕೊಂಡದ್ದು ಒಬ್ಬ ವ್ಯಕ್ತಿಯನ್ನು. ಆ ವ್ಯಕ್ತಿಗೆ ಮೊಣಕಾಲು ನೋಯುತ್ತದೆ, ವಯಸ್ಸಾಗುತ್ತದೆ, ಒಂದು ದಿನ ಅವನು ನಿಲ್ಲಿಸುತ್ತಾನೆ. ಆಗ ಅಭಿಮಾನಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ತೆರೆಯ ಮೇಲಿನ ವ್ಯಕ್ತಿಯ ಜತೆ ನೋಡುಗನಿಗೆ ಬೆಳೆಯುವ ಏಕಪಕ್ಷೀಯ ಸಲಿಗೆಯನ್ನು ಹಾರ್ಟನ್ ಮತ್ತು ವೋಲ್ 1956ರಷ್ಟು ಹಿಂದೆಯೇ ಗುರುತಿಸಿದ್ದರು. ಟೆನಿಸ್‌ನಲ್ಲಿ ಆ ಸಲಿಗೆಗೆ ಕ್ಯಾಮೆರಾ ತೀರ ಹತ್ತಿರದಿಂದ ನೀರೆರೆಯುತ್ತದೆ. ಎರಡು ಪಾಯಿಂಟುಗಳ ನಡುವೆ ತೋರಿಸಲು ಬೇರೇನೂ ಇಲ್ಲದ್ದರಿಂದ ಅದು ಆಟಗಾರನ ಮುಖವನ್ನೇ ತೋರಿಸುತ್ತದೆ.

ಲೆಕ್ಕ ಹೇಳುವುದು, ಎದೆ ಹೇಳುವುದು

ಟೆನಿಸ್‌ಗೆ ಗಡಿಯಾರವಿಲ್ಲ. ಮುನ್ನಡೆಯನ್ನು ಕಾಯ್ದುಕೊಂಡು ಹೊತ್ತು ಕಳೆದರೆ ಗೆಲುವು ಬರುವುದಿಲ್ಲ, ಕೊನೆಯ ಪಾಯಿಂಟನ್ನು ಗೆಲ್ಲಲೇಬೇಕು. ಎಲ್ಲ ಪಾಯಿಂಟುಗಳ ತೂಕವೂ ಒಂದೇ ಅಲ್ಲ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಮಾರಿಸ್ 1977ರಲ್ಲಿ ಪಾಯಿಂಟಿನ ಮಹತ್ವಕ್ಕೆ ಒಂದು ಸರಳ ಅಳತೆ ಕೊಟ್ಟ: ಅದನ್ನು ಗೆದ್ದರೆ ಗೇಮ್ ದಕ್ಕುವ ಸಂಭವ ಎಷ್ಟು, ಸೋತರೆ ಎಷ್ಟು, ಇವೆರಡರ ಅಂತರ. ಸರ್ವ್ ಮಾಡುವವನು ನೂರಕ್ಕೆ 62 ಪಾಯಿಂಟ್ ಗೆಲ್ಲುತ್ತಾನೆ ಎಂದು ಇಟ್ಟುಕೊಂಡು ನಾನು ಲೆಕ್ಕ ಹಾಕಿದಾಗ 30–40ರಲ್ಲಿ ಈ ಅಂತರ 0.73 ಬಂತು, 40–15ರಲ್ಲಿ ಕೇವಲ 0.10. ಅಂದರೆ ಅಭಿಮಾನಿ ತರ್ಕಬದ್ಧನಾಗಿದ್ದರೆ 40–15ರಲ್ಲಿ ಚಹಾ ಕುಡಿಯಬಹುದು, 30–40ರಲ್ಲಿ ಮಾತ್ರ ಬೆವರಬೇಕು.

2019ರ ಜುಲೈ 14ರ ವಿಂಬಲ್ಡನ್ ಫೈನಲ್ ಈ ಲೆಕ್ಕದ ಮಿತಿಯನ್ನು ತೋರಿಸಿಕೊಟ್ಟಿತು. ಐದನೇ ಸೆಟ್, 8–7, ರೋಜರ್ ಫೆಡರರ್ ಸರ್ವ್, 40–15. ಮೇಲಿನದೇ ಸೂತ್ರದ ಪ್ರಕಾರ ಅಲ್ಲಿಂದ ಗೇಮ್ ಗೆಲ್ಲುವ ಸಂಭವ ನೂರಕ್ಕೆ 96. ಮೊದಲ ಪಾಯಿಂಟಿನಲ್ಲಿ ಫೋರ್‌ಹ್ಯಾಂಡ್ ಹೊರಗೆ ಹೋಯಿತು. ಎರಡನೆಯದರಲ್ಲಿ ನೆಟ್‌ಗೆ ಬಂದ ಫೆಡರರ್‌ನನ್ನು ದಾಟಿ ಹೋಗುವಂತೆ ನೊವಾಕ್ ಜೊಕೊವಿಚ್ ಅಡ್ಡ ಹೊಡೆತ ಬಾರಿಸಿದ. 4 ತಾಸು 57 ನಿಮಿಷಗಳ ನಂತರ ಫಲಿತಾಂಶ 7–6, 1–6, 7–6, 4–6, 13–12. ಇಡೀ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಹೆಚ್ಚು ಗೆದ್ದವನು ಸೋತ. 2025ರ ಜೂನ್ 8ರ ಫ್ರೆಂಚ್ ಓಪನ್ ಫೈನಲ್‌ನಲ್ಲೂ ನಾಲ್ಕನೇ ಸೆಟ್ಟಿನ 5–3, 0–40ರಲ್ಲಿ ಸತತ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಕೈಯಲ್ಲಿದ್ದ ಯಾನಿಕ್ ಸಿನ್ನರ್, 5 ತಾಸು 29 ನಿಮಿಷ ಆಡಿ ಕಾರ್ಲೋಸ್ ಅಲ್ಕರಾಸ್‌ಗೆ ಸೋತ. ಫೆಡರರ್ ತಾನೇ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಭಾಷಣದಲ್ಲಿ ತನ್ನ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ನ್ನು ಗೆದ್ದರೂ ಪಾಯಿಂಟುಗಳಲ್ಲಿ ಗೆದ್ದದ್ದು ಶೇ 54 ಮಾತ್ರ ಎಂದ. ಇಷ್ಟು ದೊಡ್ಡ ಆಟಗಾರನ ಅಭಿಮಾನಿಯೂ ಸರಿಸುಮಾರು ಎರಡು ಪಾಯಿಂಟಿಗೊಮ್ಮೆ ಒಂದು ಸಣ್ಣ ಸೋಲನ್ನು ನುಂಗಿಕೊಂಡೇ ಇಪ್ಪತ್ತು ವರ್ಷ ಕಳೆದಿದ್ದಾನೆ ಎಂದಾಯಿತು.

ಅಭಿಮಾನಿಯ ಸಂಕಟಕ್ಕೆ ತನ್ನದೇ ತರ್ಕವಿದೆ. ಬರಬಹುದಾದ ಲಾಭಕ್ಕಿಂತ, ಬಂದೇಬಿಟ್ಟಿದೆ ಎಂದು ಒಳಗೊಳಗೇ ಎಣಿಸಿಕೊಂಡ ಲಾಭ ಕೈತಪ್ಪುವುದಕ್ಕೆ ಅವನು ಹೆಚ್ಚು ಅಂಜುತ್ತಾನೆ. 40–15ರ ಆ 25 ಸೆಕೆಂಡಿನಲ್ಲಿ ಅವನು ಟ್ರೋಫಿ ಎತ್ತುವುದನ್ನು ಆಗಲೇ ನೋಡಿಬಿಟ್ಟಿರುತ್ತಾನೆ. ಹಾಗೆ ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಿರುತ್ತಾನೆ ಕೂಡ. ಇಲ್ಲಿಂದಲೇ ಮನೆಮನೆಯ ಟೆನಿಸ್ ಆಚಾರಗಳು ಹುಟ್ಟುತ್ತವೆ: ಸೆಟ್ ಗೆದ್ದಾಗ ಕುಳಿತ ಭಂಗಿಯನ್ನು ಬದಲಿಸದಿರುವುದು, ಬ್ರೇಕ್ ಪಾಯಿಂಟ್ ಬಂದರೆ ಎದ್ದು ಅಡುಗೆಮನೆಗೆ ಹೋಗುವುದು, ಧ್ವನಿ ಬಂದ್ ಮಾಡುವುದು. "ನಾ ನೋಡಿದ್ರನ ಅಂವಾ ಸೋಲ್ತಾನ, ನೀವ ನೋಡ್ರಿ" ಎನ್ನುವ ಮಾತು ಧಾರವಾಡದ ಕಡೆ ಅಪರೂಪವಲ್ಲ. ಕೇವಲ ಆಕಸ್ಮಿಕವಾದುದರ ಮೇಲೂ ತನ್ನ ಹಿಡಿತವಿದೆಯೆಂದು ಮನುಷ್ಯ ಭ್ರಮಿಸುವುದನ್ನು ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಆದರೆ ಅಭಿಮಾನಿಯ ಆಚಾರದಲ್ಲಿ ನನಗೆ ಕಾಣುವುದು ಹಿಡಿತದ ಭ್ರಮೆಗಿಂತ ಹೆಚ್ಚಾಗಿ ಹೊಣೆಯ ಹಂಬಲ. ಏನೂ ಮಾಡಲಾಗದವನು ತಪ್ಪನ್ನಾದರೂ ತನ್ನದಾಗಿಸಿಕೊಳ್ಳುತ್ತಾನೆ.

ಸಹೃದಯನಾಗಲಾರದ ಪ್ರೇಕ್ಷಕ

ಭರತ ಎಣಿಸಿದ 33 ಸಂಚಾರಿ ಭಾವಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಟೈಬ್ರೇಕ್ ನೋಡುತ್ತಿರುವ ಒಬ್ಬರ ಪಕ್ಕ ಕುಳಿತರೆ ಸಾಕು. ಶಂಕೆ, ಚಿಂತೆ, ವಿತರ್ಕ, ಔತ್ಸುಕ್ಯ, ಆವೇಗ, ತ್ರಾಸ, ಅಮರ್ಷ, ಸ್ಮೃತಿ, ವಿಷಾದ, ಹರ್ಷ ಒಂದರ ಹಿಂದೆ ಒಂದು ಹಾದುಹೋಗುತ್ತವೆ. ಸ್ಮೃತಿಯ ಪಾತ್ರ ಇದರಲ್ಲಿ ದೊಡ್ಡದು. 2019ರ ನಂತರ ಫೆಡರರ್ ಅಭಿಮಾನಿಗೆ ಯಾವ 40–15 ಕೂಡ ಬರೀ 40–15 ಆಗಿ ಉಳಿಯಲಿಲ್ಲ. ಸಂಚಾರಿಗಳು ಸ್ಥಾಯಿಯೊಂದನ್ನು ಆಶ್ರಯಿಸಿ ಅದನ್ನು ಪೋಷಿಸಬೇಕು ಎಂಬುದು ಶಾಸ್ತ್ರ. ಟೆನಿಸ್‌ನಲ್ಲಿ ಕೊನೆಯ ಪಾಯಿಂಟಿನ ತನಕ ಸ್ಥಾಯಿ ಯಾವುದೆಂದು ತೀರ್ಮಾನವಾಗುವುದಿಲ್ಲ. ಇದು ಉತ್ಸಾಹದ ಕಥೆಯೋ ಶೋಕದ ಕಥೆಯೋ ತಿಳಿಯದೆ ಸಂಚಾರಿಗಳು ಮನೆಯಿಲ್ಲದೆ ಅಲೆಯುತ್ತವೆ.

ನಾಟಕದಲ್ಲೂ ಮುಂದೇನು ಎಂಬ ಕುತೂಹಲವಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ನಮ್ಮ ಭಾಗದ ಪ್ರೇಕ್ಷಕ ಅದನ್ನು ನೆಚ್ಚಿಕೊಂಡವನಲ್ಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೆ ರಾತ್ರಿಯಿಡೀ ಕುಳಿತವರಲ್ಲಿ ಸಂಗ್ಯಾನ ಗತಿ ಗೊತ್ತಿಲ್ಲದವರು ಯಾರೂ ಇರುವುದಿಲ್ಲ. ಗೆಳೆಯನ ಕೈಯಿಂದಲೇ ಅವನು ಕೊಲೆಯ ಬಲೆಗೆ ಬೀಳುತ್ತಾನೆಂದು ತಿಳಿದೇ ಕಣ್ಣೀರು ಹಾಕುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ. ಅಂತ್ಯ ಗೊತ್ತಿರುವುದು ಅಲ್ಲಿ ರಸಕ್ಕೆ ಅಡ್ಡಿಯಾಗಿಲ್ಲ, ಅನುಕೂಲವಾಗಿದೆ. ಟೆನಿಸ್ ಅಭಿಮಾನಿಯ ನಡವಳಿಕೆಯಲ್ಲೂ ಇದಕ್ಕೆ ಪುರಾವೆ ಸಿಗುತ್ತದೆ. ನೇರ ಪ್ರಸಾರ ನೋಡಲಾರದೆ ಟಿವಿ ಆರಿಸಿ ಮಲಗಿದವನು, ಬೆಳಿಗ್ಗೆ ತನ್ನವನು ಗೆದ್ದ ಸುದ್ದಿ ತಿಳಿದ ಮೇಲೆ ಅದೇ ಪಂದ್ಯವನ್ನು ಹಿಗ್ಗಿನಿಂದ ನೋಡುತ್ತಾನೆ. 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಐದನೇ ಸೆಟ್ಟಿನಲ್ಲಿ ಫೆಡರರ್ ರಫೆಲ್ ನಡಾಲ್ ಎದುರು 1–3ರ ಹಿನ್ನಡೆಯಲ್ಲಿದ್ದದ್ದು ಹಾಗೆ ನೋಡುವಾಗ ಒಂದು ಸುಂದರ ತಿರುವು. ಅಂದು ನೇರವಾಗಿ ನೋಡುತ್ತಿದ್ದವರಿಗೆ ಅದರಲ್ಲಿ ಸೌಂದರ್ಯವೆಂಬುದು ಏನೂ ಇರಲಿಲ್ಲ.

ಅಭಿನವಗುಪ್ತ ‘ಅಭಿನವಭಾರತಿ’ಯಲ್ಲಿ ಏಳು ರಸವಿಘ್ನಗಳನ್ನು ಹೇಳುತ್ತಾನೆ. ಇಲ್ಲಿ ನಮಗೆ ಮೊದಲು ಬೇಕಾದವು ಎರಡು. ಎದುರಿನ ಭಾವವನ್ನು ನಿರ್ದಿಷ್ಟ ದೇಶಕಾಲಕ್ಕೆ ಕಟ್ಟಿ, ಇದು ನನ್ನದು ಅಥವಾ ಪರರದು ಎಂದು ಹಿಡಿದುಕೊಳ್ಳುವುದು ಒಂದು. ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಇನ್ನೊಂದು. ಇವನ್ನು ನೀಗಲು ಪೂರ್ವರಂಗ, ನಾಂದಿ, ವೇಷಭೂಷಣ, ಹಾಡು, ವಾದ್ಯಗಳಿವೆ ಎಂದು ಅವನ ವಿವರಣೆ. ಭಟ್ಟನಾಯಕ ಸಾಧಾರಣೀಕರಣ ಎಂದದ್ದು ಇವುಗಳ ನೆರವಿನಿಂದ ಆಗುತ್ತದೆ: ದುಃಖ ದುಷ್ಯಂತನದೂ ಅಲ್ಲ, ನನ್ನದೂ ಅಲ್ಲ, ಬರೀ ದುಃಖ. ಟೆನಿಸ್ ಪ್ರಸಾರ ಇದರ ತದ್ವಿರುದ್ಧ ಕೆಲಸ ಮಾಡುತ್ತದೆ. ಇದು ಇಂದಿನದು, ಈಗಿನದು, ನಿಜ ಮನುಷ್ಯನದು ಎಂದು ಅದು ಕ್ಷಣಕ್ಷಣಕ್ಕೂ ನೆನಪಿಸುತ್ತದೆ. ತೆರೆಯ ಮೂಲೆಯಲ್ಲಿ ಅಂಕ, ತಾಸು, ಸರ್ವ್‌ನ ವೇಗ. ಕಾಲದೇಶಗಳನ್ನು ಮರೆಯಲು ಎಡೆಯೇ ಇಲ್ಲ. ಹಾಗಾಗಿ ಅಭಿಮಾನಿಯ ವೇದನೆ ಕರುಣರಸದ ಹತ್ತಿರಕ್ಕೂ ಸುಳಿಯದೆ ಲೌಕಿಕ ದುಃಖವಾಗಿಯೇ ಉಳಿಯುತ್ತದೆ. ತಾಸುಗಟ್ಟಲೆ ನಡೆದ ಆಟದ ಚೆಲುವನ್ನು ಹೆಚ್ಚು ಸವಿಯುವವನು ಯಾರ ಪಕ್ಷವನ್ನೂ ವಹಿಸದವನು. ಹೆಚ್ಚು ಪ್ರೀತಿಸಿದವನಿಗೆ ಕಡಿಮೆ ರಸ ಎಂಬ ಈ ವಿಲೋಮ ಸಂಬಂಧ ಟೆನಿಸ್‌ನ ವಿಚಿತ್ರ. (ಏಳನೆಯದಾದ ಸಂಶಯಯೋಗವನ್ನು ಕೆಲವರು ಫಲಿತಾಂಶದ ಅನಿಶ್ಚಿತತೆಯೆಂದು ಹಿಗ್ಗಿಸಬಹುದು. ಅದು ತಪ್ಪು. ಕಂಡ ಕಣ್ಣೀರು ಶೋಕದ್ದೋ ಹರ್ಷದ್ದೋ ಎಂಬಂಥ ಗೊಂದಲವನ್ನು ಅದು ಹೇಳುತ್ತದೆ.)

ಕೋಣೆಯ ಆಟ

ಟೆನಿಸ್ ನಮ್ಮ ಕಡೆ ಬಂದದ್ದು ರೈಲ್ವೆ, ಕಚೇರಿ, ಕಾಲೇಜುಗಳ ಆಸುಪಾಸಿನಲ್ಲಿ. ಅದು ಕ್ಲಬ್ಬಿನ ಸಂಜೆಯ ಆಟ, ಅಧಿಕಾರಿ, ವಕೀಲ, ಪ್ರಾಧ್ಯಾಪಕರ ಆಟ. ಬೀದಿಗೆ ಅದು ಇಳಿಯಲೇ ಇಲ್ಲ. 1966ರ ಕಲ್ಕತ್ತಾ ಡೇವಿಸ್ ಕಪ್ ಪಂದ್ಯದ ನಿರ್ಣಾಯಕ ಸಿಂಗಲ್ಸ್‌ನಲ್ಲಿ ರಾಮನಾಥನ್ ಕೃಷ್ಣನ್, ಬ್ರೆಜಿಲ್‌ನ ತೊಮಾಸ್ ಕಾಕ್ ಎದುರು ನಾಲ್ಕನೇ ಸೆಟ್ಟಿನಲ್ಲಿ 2–5ರಿಂದ ಎದ್ದು ಬಂದು ಗೆದ್ದದ್ದು ಹಿರಿಯ ತಲೆಮಾರಿಗೆ ರೇಡಿಯೊ ಮತ್ತು ಪತ್ರಿಕೆಗಳ ನೆನಪು. 1980ರ ದಶಕದಲ್ಲಿ ದೂರದರ್ಶನ ವಿಂಬಲ್ಡನ್ ತೋರಿಸತೊಡಗಿದ ಮೇಲೆ, 1985ರಲ್ಲಿ 17ರ ಬೋರಿಸ್ ಬೆಕರ್ ಗೆದ್ದ ಮೇಲೆ, ಮಧ್ಯಮವರ್ಗದ ಮನೆಗಳಲ್ಲಿ ಟೆನಿಸ್ ಅಭಿಮಾನ ನಿಜವಾಗಿ ಬೇರೂರಿತು. ಅಂಕಣವನ್ನು ಒಮ್ಮೆಯೂ ಮೆಟ್ಟದವರು ಬೆಕರ್, ಎಡ್ಬರ್ಗ್, ಸ್ಟೆಫಿ ಗ್ರಾಫ್ ಪಕ್ಷ ಹಿಡಿದು ಜಗಳಾಡಿದರು.

ಭಾರತೀಯ ವೇಳೆ ಇದಕ್ಕೆ ತನ್ನದೇ ರೂಪ ಕೊಟ್ಟಿದೆ. ಆಸ್ಟ್ರೇಲಿಯನ್ ಓಪನ್‌ನ ಹಗಲಿನ ಆಟ ನಮಗೆ ಬೆಳಗಿನ 5:30ಕ್ಕೆ ಶುರು, ನ್ಯೂಯಾರ್ಕಿನ ರಾತ್ರಿಯ ಆಟ ನಸುಕಿನ 4:30ಕ್ಕೆ. ವಿಂಬಲ್ಡನ್ ಫೈನಲ್ 2024ರ ತನಕ ಸಂಜೆ 6:30ಕ್ಕೆ ಇತ್ತು, 2025ರಿಂದ ರಾತ್ರಿ 8:30. ವಿಂಬಲ್ಡನ್ ತಿಂಗಳಾದ ಜುಲೈಯಲ್ಲಿ ಧಾರವಾಡದಲ್ಲಿ ಜಿಟಿಜಿಟಿ ಮಳೆ, ಯಾವಾಗ ಬೇಕಾದರೂ ಕರೆಂಟ್ ಹೋಗಬಹುದು. 2008ರ ಜುಲೈ 6ರ ಫೈನಲ್ ಲಂಡನ್ನಿನ ಮಳೆಯಿಂದಾಗಿ ನಮ್ಮಲ್ಲಿ ಏಳರ ಸುಮಾರಿಗೆ ಶುರುವಾಯಿತು. ನಡುವೆ ಎರಡು ಸಲ ಮತ್ತೆ ಮಳೆಗೆ ನಿಂತು, ನಡಾಲ್ 9–7ರಿಂದ ಐದನೇ ಸೆಟ್ ಗೆದ್ದಾಗ ಇಲ್ಲಿ ರಾತ್ರಿ ಒಂದೂಮುಕ್ಕಾಲು. ಅಷ್ಟೊತ್ತಿಗೆ ಮನೆಮಂದಿಯೆಲ್ಲ ಮಲಗಿರುತ್ತಾರೆ. ಧ್ವನಿ ತಗ್ಗಿಸಿ, ಕೂಗು ಗಂಟಲಲ್ಲೇ ತಡೆದುಕೊಂಡು ನೋಡಬೇಕು. ಮರುದಿನ ಸೋಮವಾರ, ಕೆಲಸ. ಚಹಾದಂಗಡಿಯಲ್ಲಾಗಲಿ ಬಸ್ಸಿನಲ್ಲಾಗಲಿ ಆ ಬಗ್ಗೆ ಮಾತೆತ್ತುವವರಿಲ್ಲ.

ಕ್ರಿಕೆಟ್ಟಿನ ದುಃಖ ಹೀಗಲ್ಲ. 2019ರ ಜುಲೈ 10ರಂದು ಭಾರತ ವಿಶ್ವಕಪ್ ಸೆಮಿಫೈನಲ್ ಸೋತಾಗ ಹುಬ್ಬಳ್ಳಿಯ ದುರ್ಗದಬೈಲಿನಿಂದ ಧಾರವಾಡದ ಲೈನ್ ಬಜಾರ್ ತನಕ ಎಲ್ಲರೂ ಧೋನಿಯ ರನ್‌ಔಟ್ ಕುರಿತೇ ಮಾತಾಡಿದರು. ಸೋಲು ಬಾಯಿಂದ ಬಾಯಿಗೆ ದಾಟುತ್ತ ಸವೆದುಹೋಯಿತು. ನಾಲ್ಕೇ ದಿನದ ಮೇಲೆ, ವಿಶ್ವಕಪ್ ಫೈನಲ್ ಲಾರ್ಡ್ಸ್‌ನಲ್ಲಿ ನಡೆಯುತ್ತಿದ್ದ ಅದೇ ಸಂಜೆ, ಫೆಡರರ್‌ನ ಆ ಎರಡು ಪಾಯಿಂಟು ಕೈತಪ್ಪಿದವು. ಅಂದು ಮನೆಯ ರಿಮೋಟಿಗಾಗಿ ಹೋರಾಡಿ ಟೆನಿಸ್ ಹಾಕಿಸಿಕೊಂಡವನಿಗೆ ಮರುದಿನ ತನ್ನ ಹಳಹಳಿಯನ್ನು ಹೇಳಿಕೊಳ್ಳಲು ಜನವಿರಲಿಲ್ಲ. ಸುದ್ದಿಯೆಲ್ಲ ಸೂಪರ್ ಓವರ್, ಬೌಂಡರಿ ಎಣಿಕೆ. ಟೆನಿಸ್ ಅಭಿಮಾನಿಯ ಒತ್ತಡ ಕ್ರಿಕೆಟ್ ಅಭಿಮಾನಿಯದಕ್ಕಿಂತ ತೀವ್ರ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಅದು ಕರಗುವ ದಾರಿ ಇಲ್ಲಿ ಮುಚ್ಚಿದೆ ಎಂಬುದಷ್ಟೇ ವಾದ.

ಕರ್ನಾಟಕದವನೇ ಆಡಿದರೆ? ಕೊಡಗಿನ ಮನೆತನದ ರೋಹನ್ ಬೋಪಣ್ಣ ಈ ಪ್ರಶ್ನೆಗೆ ಎರಡು ದಶಕಗಳ ಉದಾಹರಣೆ. 2010ರ ಅಮೆರಿಕನ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಕುರೇಶಿ ಜತೆ ಬ್ರಯಾನ್ ಸಹೋದರರೆದುರು ಸೋತದ್ದು 7–6, 7–6ರಿಂದ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜತೆ ಸೆಮಿಫೈನಲ್‌ನ ಮೊದಲ ಸೆಟ್ಟನ್ನು 6–2ರಿಂದ ಗೆದ್ದು ಪಂದ್ಯ ಸೋತು, ಕಂಚಿನ ಪಂದ್ಯವನ್ನೂ ಸೋತರು. 2023ರ ಅಮೆರಿಕನ್ ಓಪನ್ ಫೈನಲ್‌ನಲ್ಲೂ ಮೊದಲ ಸೆಟ್ 6–2ರಿಂದ ಕೈಯಲ್ಲಿತ್ತು, ಪಂದ್ಯ ಹೋಯಿತು. ಕೊನೆಗೆ 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡನ್ ಜತೆ ಪುರುಷರ ಡಬಲ್ಸ್ ಪ್ರಶಸ್ತಿ ಬಂತು. ಆಗ ಅವರಿಗೆ 43 ವರ್ಷ. ಅದರ ಬೆನ್ನಲ್ಲೇ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ ಅತ್ಯಂತ ಹಿರಿಯ ಪುರುಷ ಆಟಗಾರನೂ ಆದರು. 2025ರ ನವೆಂಬರ್‌ನಲ್ಲಿ ಆಟ ನಿಲ್ಲಿಸಿದರು.

ಬೋಪಣ್ಣ ಅಭಿಮಾನಿಗೆ ಇನ್ನೊಂದು ಬಗೆಯ ಕಷ್ಟವಿತ್ತು. ಡಬಲ್ಸ್ ಪಂದ್ಯಗಳು, ಅದರಲ್ಲೂ ಮೊದಲ ಸುತ್ತುಗಳು, ಟಿವಿಯಲ್ಲಿ ಬರುತ್ತಿದ್ದದ್ದು ಅಪರೂಪ. ಮೊಬೈಲಿನಲ್ಲಿ ಅಂಕ ಬದಲಾಗುವುದನ್ನೇ ನೋಡುತ್ತ ಕೂಡಬೇಕು. 30–30, ಸ್ವಲ್ಪ ಹೊತ್ತು ಏನಿಲ್ಲ, 30–40. ಯಾಕೆ, ಹೇಗೆ ಎಂಬುದಿಲ್ಲ. ಡಬಲ್ ಫಾಲ್ಟೋ, ಎದುರಾಳಿಯ ಅದ್ಭುತ ಹೊಡೆತವೋ, ನೆಟ್‌ಗೆ ತಾಗಿ ಉರುಳಿತೋ? ಅಭಿನವಗುಪ್ತನ ಪಟ್ಟಿಯಲ್ಲಿ ಇದಕ್ಕೂ ಜಾಗವಿದೆ: ಪ್ರತೀತಿಗೆ ಬೇಕಾದ ಸಾಧನಗಳ ಕೊರತೆ, ಸ್ಫುಟತೆಯ ಅಭಾವ. ವಿಭಾವವಿಲ್ಲ, ಅನುಭಾವವಿಲ್ಲ, ಬರೀ ಸಂಚಾರಿಗಳು. ಮುಖವೂ ಕಾಣದ ಈ ನೋಟದಲ್ಲಿ ಸಂಕಟ ಕಡಿಮೆಯಾಗಬೇಕಿತ್ತು. ಹಾಗಾಗುವುದಿಲ್ಲ. ಕಾಣದ್ದನ್ನು ಮನಸ್ಸು ತನ್ನ ಭಯದಿಂದಲೇ ತುಂಬಿಕೊಳ್ಳುತ್ತದೆ.

2014ರ ಸೆಪ್ಟೆಂಬರ್‌ನ ಡೇವಿಸ್ ಕಪ್ ಇದಕ್ಕೆ ಎದುರಿಟ್ಟು ನೋಡಬೇಕಾದದ್ದು. ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಸರ್ಬಿಯಾ ಎದುರು ಭಾರತ 0–2 ಹಿಂದಿತ್ತು. ಬೋಪಣ್ಣ–ಲಿಯಾಂಡರ್ ಪೇಸ್ ಎರಡು ಸೆಟ್ ಸೋತು ಐದನೆಯದನ್ನು 8–6ರಿಂದ ಗೆದ್ದರು, ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ 2–2 ಮಾಡಿದರು, ಮಳೆಯಿಂದ ಸೋಮವಾರಕ್ಕೆ ಹೋದ ಕೊನೆಯ ಪಂದ್ಯದಲ್ಲಿ ಯೂಕಿ ಭಾಂಬ್ರಿ ಸೋತರು. ಸೋಲು ಸೋಲೇ. ಆದರೆ ಹುಬ್ಬಳ್ಳಿಯಿಂದ ರಾತ್ರಿಯ ರೈಲು ಹತ್ತಿ ಹೋಗಿ ಸಾವಿರಾರು ಜನರ ನಡುವೆ ಕೂಗಿದವನು ಆ ಸೋಲನ್ನು ಅಲ್ಲೇ ಬಿಟ್ಟು ಬರುವುದು ಸಾಧ್ಯವಿತ್ತು. ಮಾಂಟ್ರಿಯಲ್ ಅಧ್ಯಯನದ ಪ್ರಕಾರ ಅಂಗಣದಲ್ಲಿದ್ದವನ ನಾಡಿಯೇ ಹೆಚ್ಚು ಏರಬೇಕು. ನಾಡಿಯ ಏರಿಕೆ ಮತ್ತು ಸಂಕಟದ ಬಾಳಿಕೆ ಬೇರೆಬೇರೆ ಸಂಗತಿಗಳು. ಮೊದಲನೆಯದನ್ನು ಅಳೆಯುವುದು ಸುಲಭವೆಂದು ಸಂಶೋಧಕರು ಎರಡನೆಯದನ್ನು ಬಿಟ್ಟಿದ್ದಾರೆ.

ನಮ್ಮೂರಿಗೇ ಅಂತರರಾಷ್ಟ್ರೀಯ ಟೆನಿಸ್ ಬಂದದ್ದೂ ಉಂಟು. 2023ರ ಅಕ್ಟೋಬರ್‌ನಲ್ಲಿ ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ ಪುರುಷರ ಟೂರ್ನಿ ನಡೆದು, ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು. ಈ ದರ್ಜೆಯ ಟೂರ್ನಿ ಗೆದ್ದವನಿಗೆ 25 ರ‍್ಯಾಂಕಿಂಗ್ ಪಾಯಿಂಟ್. ಗ್ರ್ಯಾನ್‌ಸ್ಲಾಮ್ ಗೆದ್ದವನಿಗೆ 2,000. ಇಂಥ ಅಂಕಣದ ಬದಿಯಲ್ಲಿ ಕುಳಿತವನಿಗೆ ಆಟಗಾರನ ಏದುಸಿರು, ಬೂಟಿನ ಸದ್ದು ಕೇಳಿಸುತ್ತದೆ. ಹತ್ತಿರದ ಮುಖ ತೋರಿಸುವ ಕ್ಯಾಮೆರಾ, ಮರುನೋಟ, ಮೂಲೆಯ ಅಂಕಿಅಂಶ ಇರುವುದಿಲ್ಲ. ಬಿಡುವಿನ 25 ಸೆಕೆಂಡಿನಲ್ಲಿ ಕಣ್ಣು ಗಿಡಮರಗಳತ್ತ, ಚೆಂಡು ಹೆಕ್ಕುವ ಹುಡುಗರತ್ತ ಹರಿಯುತ್ತದೆ, ಪಕ್ಕದವರ ಜತೆ ಎರಡು ಮಾತು ನಡೆಯುತ್ತದೆ. ಬಹುಪಾಲು ಪ್ರೇಕ್ಷಕರಿಗೆ ಆಡುವವರಿಬ್ಬರೂ ಅಪರಿಚಿತರೇ ಆದ್ದರಿಂದ ಆಟವನ್ನು ಆಟವಾಗಿ ನೋಡಲು ಅಡ್ಡಿಯೂ ಕಡಿಮೆ.

ಅದೇ ಊರಿನ ಅಂಕಣದಲ್ಲಿ ಜೂನಿಯರ್ ಟೂರ್ನಿ ನಡೆಯುವಾಗ ದೃಶ್ಯ ತಲೆಕೆಳಗಾಗುತ್ತದೆ. ತಂತಿಬೇಲಿಗೆ ಬೆರಳು ಸಿಕ್ಕಿಸಿ ನಿಂತ ತಂದೆತಾಯಿಗಳ ವಿಷಯದಲ್ಲಿ ನಿಜಸುಖದುಃಖದ ವಶವಾಗುವುದು ಅಲಂಕಾರದ ಮಾತಲ್ಲ, ಅಕ್ಷರಶಃ ನಿಜ. ಕೋಚಿಂಗ್ ಫೀ, ರಜೆ, ಪ್ರಯಾಣ, ರಾಕೆಟ್ಟಿನ ಖರ್ಚು ಎಲ್ಲವೂ ಆ 30–40ರ ಮೇಲೆ ಕುಳಿತಿರುತ್ತವೆ. ಹಲವೆಡೆ ಅಂಪೈರ್ ಇಲ್ಲದೆ ಮಕ್ಕಳೇ ಗೆರೆಯ ತೀರ್ಪು ಹೇಳಬೇಕಾದ್ದರಿಂದ ಎದುರಿನ ಮಗುವಿನ ಮೇಲೂ ಅಮರ್ಷ ಹುಟ್ಟುತ್ತದೆ. ಬಾಯಿ ಬಿಡುವಂತಿಲ್ಲ ಎಂಬುದು ಬಹುಕಾಲದ ನಿಯಮವಾಗಿತ್ತು. ಬೇಲಿಯಾಚೆಯಿಂದ ಒಂದು ಮಾತು ಹೇಳಿದರೂ ದಂಡನೆ ಮಗುವಿಗೆ ಆಗುತ್ತಿತ್ತು. 2025ರ ಜನವರಿಯಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಂಕಣದ ಹೊರಗಿನಿಂದ ಸಲಹೆ ಕೊಡುವುದಕ್ಕೆ ಅವಕಾಶ ಕೊಟ್ಟಿದೆ, ಜಾರಿಗೆ ತರುವುದು ಬಿಡುವುದು ಆಯಾ ಸಂಘಟಕರಿಗೆ ಸೇರಿದ್ದು. ಎಂದರೆ ಪಾಯಿಂಟುಗಳ ನಡುವಿನ ಆ ಬಿಡುವು ನೋಡುವ ಕೆಲವರಿಗಾದರೂ ಇನ್ನು ಖಾಲಿಯಲ್ಲ, ಅದರಲ್ಲಿ ಮಾಡಲು ಕೆಲಸವೊಂದು ಬಂದಿದೆ. ಸಲಹೆ ಕೊಡುವ ಕೋಚ್ ಮತ್ತು ಪಕ್ಕದಲ್ಲಿ ಸುಮ್ಮನೆ ನಿಂತ ತಾಯಿ, ಇಬ್ಬರ ಕೈಗೂ ನಾಡಿ ಅಳೆಯುವ ಪಟ್ಟಿ ಕಟ್ಟಿ, ಪಂದ್ಯ ಮುಗಿದ ಮೇಲೆ ಯಾರದು ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆದುಕೊಳ್ಳುವ ಅಧ್ಯಯನವನ್ನು ಧಾರವಾಡದ ಅಂಕಣಗಳಲ್ಲೇ ಮಾಡಬಹುದು. ಖರ್ಚೂ ಹೆಚ್ಚಿಲ್ಲ.